ಮಾತು ನಿಲ್ಲಿಸಿದ ಮಗುವಿಗೆ ಚಿಕಿತ್ಸೆ

ಪ್ರಶ್ನೆ: ನನ್ನ ತಂಗಿಯ ಮಗಳಿಗೆ ಒಂಬತ್ತು ವರ್ಷ. ಸಂಬಂಧಿಯೊಬ್ಬ ಅವಳ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ್ದು ಎರಡು ತಿಂಗಳ ಹಿಂದೆ ಅವಳಿಂದಲೇ ತಿಳಿಯಿತು. ಅವನು ಮನೆಗೆ ಬರದಂತೆ ಮಾಡಿದ್ದೇವೆ. ಈಗ ಅವಳು ರಾತ್ರಿ ಬೆಚ್ಚಿ ಏಳುತ್ತಾಳೆ, ಹಾಸಿಗೆ ಒದ್ದೆಯಾಗುತ್ತದೆ, ಶಾಲೆಯ ಹೊತ್ತಿಗೆ ಹೊಟ್ಟೆನೋವು ಎನ್ನುತ್ತಾಳೆ. ‘ಆ ಮಾತೆತ್ತಬೇಡಿ, ಮರೆಯುತ್ತಾಳೆ’ ಎನ್ನುತ್ತಾರೆ ಹಿರಿಯರು. ಚಿಕಿತ್ಸೆಗೆ ಕರೆದೊಯ್ದರೆ ಎಲ್ಲವನ್ನೂ ಕೆದಕಿ ಮತ್ತೆ ನೋಯಿಸುವರೇ?
– ಓದುಗರೊಬ್ಬರು, ದಾವಣಗೆರೆ ಜಿಲ್ಲೆ

ಉತ್ತರ: ಹಿರಿಯರ ಮಾತಿನ ಹಿಂದೆ ಕಾಳಜಿಯಿದೆ, ಆದರೆ ನೀವು ವಿವರಿಸಿದ್ದನ್ನು ನೋಡಿದರೆ ಮಗುವಿನ ಬಾಯಿ ಸುಮ್ಮನಿದ್ದರೂ ಮೈ ಅದನ್ನೇ ಹೇಳುತ್ತಿದೆ. ದೊಡ್ಡವರೆಲ್ಲ ಒಂದು ವಿಷಯವನ್ನು ಮುಟ್ಟದೆ ದೂರವಿಟ್ಟಾಗ, ತಪ್ಪು ತನ್ನದೇ ಇರಬೇಕೆಂದು ಆ ವಯಸ್ಸಿನ ಮಗು ಸುಲಭವಾಗಿ ನಂಬಿಬಿಡುತ್ತದೆ.

ನುರಿತ ಚಿಕಿತ್ಸಕರು ಮೊದಲ ದಿನವೇ ಎಲ್ಲವನ್ನೂ ಹೇಳಿಸುವ ಅವಸರ ಮಾಡುವುದಿಲ್ಲ. ಅಮೆರಿಕದ ಜುಡಿತ್ ಕೊಹೆನ್, ಆಂಥೊನಿ ಮನ್ನಾರಿನೊ ಮತ್ತು ಎಸ್ತರ್ ಡೆಬ್ಲಿಂಜರ್ ಇಂಥ ಮಕ್ಕಳಿಗಾಗಿಯೇ ರೂಪಿಸಿದ ಚಿಕಿತ್ಸಾ ಕ್ರಮದಲ್ಲಿ, ಭಯವಾದಾಗ ದೇಹಕ್ಕೆ ಏನಾಗುತ್ತದೆ, ಉಸಿರನ್ನು ಹೇಗೆ ಹದಕ್ಕೆ ತರಬೇಕು, ಮನಸ್ಸಿನಲ್ಲಿರುವುದಕ್ಕೆ ಸಿಟ್ಟೋ ನಾಚಿಕೆಯೋ ಎಂದು ಹೆಸರಿಡುವುದು ಹೇಗೆ ಎಂಬುದನ್ನು ಮೊದಲು ಕಲಿಸಿ, ಆ ಆಸರೆ ಗಟ್ಟಿಯಾದ ಮೇಲಷ್ಟೇ ನಡೆದದ್ದನ್ನು ಸ್ವಲ್ಪ ಸ್ವಲ್ಪವಾಗಿ, ಮಾತಿನಲ್ಲೋ ಚಿತ್ರದಲ್ಲೋ, ಹೊರತರಲು ನೆರವಾಗುತ್ತಾರೆ. ಇದಕ್ಕೆ ಕೆಲವು ತಿಂಗಳು ಹಿಡಿಯಬಹುದು. ತಾಯಿಗೂ ಪ್ರತ್ಯೇಕ ಭೇಟಿಗಳಿರುತ್ತವೆ. ನನ್ನ ದೃಷ್ಟಿಯಲ್ಲಿ ಈ ಕ್ರಮದ ಬಹುದೊಡ್ಡ ಗುಣ ಅದೇ, ಏಕೆಂದರೆ ಮಗು ಚಿಕಿತ್ಸಕರೊಂದಿಗೆ ಇರುವುದು ವಾರಕ್ಕೊಂದು ಗಂಟೆ, ಉಳಿದ ಹೊತ್ತೆಲ್ಲ ನಿಮ್ಮೊಂದಿಗೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ಮನೋವೈದ್ಯ ವಿಭಾಗವಿದೆ. ಅಷ್ಟು ದೂರ ಹೋಗುವ ಮೊದಲು ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ನೀವು ಕೇಳದ ಒಂದು ವಿಷಯವನ್ನೂ ಹೇಳಲೇಬೇಕು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಇಂಥ ಕೃತ್ಯ ನಡೆದಿದೆಯೆಂದು ತಿಳಿದ ಯಾರೇ ಆದರೂ ಪೊಲೀಸರಿಗೆ ತಿಳಿಸಬೇಕು; ಈ ಹೊಣೆ ಚಿಕಿತ್ಸಕರಿಗೂ ಇದೆ, ನಿಮಗೂ ಇದೆ. ಮಗುವನ್ನು ಠಾಣೆಗೆ ಎಳೆದೊಯ್ಯುವರೆಂಬ ಅಳುಕು ಬೇಡ. ಹೇಳಿಕೆಯನ್ನು ಮಗುವಿನ ಮನೆಯಲ್ಲೋ ಅದು ಬಯಸಿದ ಜಾಗದಲ್ಲೋ, ಸಮವಸ್ತ್ರ ಧರಿಸದ ಅಧಿಕಾರಿ, ಆದಷ್ಟು ಮಟ್ಟಿಗೆ ಮಹಿಳಾ ಅಧಿಕಾರಿಯೇ, ತಂದೆತಾಯಿ ಅಥವಾ ಮಗು ನಂಬುವವರ ಸಮ್ಮುಖದಲ್ಲಿ ದಾಖಲಿಸಬೇಕೆಂದು ಕಾಯ್ದೆಯೇ ಹೇಳುತ್ತದೆ. ಮಗುವಿನ ಗುರುತನ್ನು ಮಾಧ್ಯಮಗಳು ಬಹಿರಂಗಪಡಿಸುವಂತಿಲ್ಲ. ಎಲ್ಲಿಂದ ಆರಂಭಿಸಬೇಕೆಂದು ತೋಚದಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ.

ಚಿಕಿತ್ಸೆ ಆರಂಭವಾಗುವವರೆಗೆ ಮನೆಯಲ್ಲಿ ಯಾರೂ ಅವಳನ್ನು ಮತ್ತೆ ಮತ್ತೆ ಪ್ರಶ್ನಿಸಬೇಡಿ, ಆದರೆ ಅವಳಾಗಿ ಮಾತೆತ್ತಿದರೆ ತಡೆಯಲೂಬೇಡಿ. ‘ನೀನು ನಮಗೆ ಹೇಳಿದ್ದು ಒಳ್ಳೆಯದಾಯಿತು, ಇದರಲ್ಲಿ ನಿನ್ನ ತಪ್ಪೇನೂ ಇಲ್ಲ’ ಎಂಬ ಮಾತನ್ನು ತಾಯಿ ಒಮ್ಮೆ ಸ್ಪಷ್ಟವಾಗಿ ಹೇಳಲಿ. ರಾತ್ರಿ ಹಾಸಿಗೆ ಒದ್ದೆಯಾದರೆ ಬಟ್ಟೆ ಬದಲಿಸಿ, ಪಕ್ಕದಲ್ಲೇ ಮಲಗಿಸಿಕೊಳ್ಳಿ; ಬೆಳಿಗ್ಗೆ ಅದರ ಪ್ರಸ್ತಾಪ ಬೇಡ.