ಹೆದ್ದಾರಿ ಹತ್ತಿರ ಇದ್ದ ಮಾತ್ರಕ್ಕೆ ಗೋದಾಮು ಬರುವುದಿಲ್ಲ

ಪ್ರಶ್ನೆ: ನೆಲಮಂಗಲ ತಾಲ್ಲೂಕಿನಲ್ಲಿ ನಮಗೆ ನಾಲ್ಕು ಎಕರೆ ರಾಗಿ ಹೊಲವಿದೆ. ತುಮಕೂರು ರಸ್ತೆಯಿಂದ ಒಂದು ಕಿಲೋಮೀಟರ್ ಒಳಗೆ, ಇಪ್ಪತ್ತು ಅಡಿಯ ಊರ ರಸ್ತೆಯಲ್ಲಿ. ಗೋದಾಮು ಕಟ್ಟಿಸಿದರೆ ಕೂತಲ್ಲೇ ಬಾಡಿಗೆ ಬರುತ್ತದೆಂದು ದಲ್ಲಾಳಿಯೊಬ್ಬರು ಬೆನ್ನು ಬಿದ್ದಿದ್ದಾರೆ. ಸಾಲ ಮಾಡಿ ಕಟ್ಟಬಹುದೇ?
– ಹೆಸರು ಬೇಡ

ಉತ್ತರ: ಸದ್ಯಕ್ಕೆ ಸಾಲದ ಕಾಗದಕ್ಕೆ ಸಹಿ ಹಾಕಬೇಡಿ. ನಿಮ್ಮ ತಾಲ್ಲೂಕಿಗೆ ಬೇಡಿಕೆ ಇರುವುದು ನಿಜ. ಮುಂಬೈ ಕಡೆಯ ಹೆದ್ದಾರಿ 48 ಮತ್ತು ಹಾಸನ–ಮಂಗಳೂರು ಕಡೆಯ ಹೆದ್ದಾರಿ 75 ಕೂಡುವುದೇ ನೆಲಮಂಗಲದಲ್ಲಿ. 2017ರ ಜುಲೈಗೆ ಮೊದಲು ಅಂತರರಾಜ್ಯ ಮಾರಾಟಕ್ಕೆ ಕೇಂದ್ರ ಮಾರಾಟ ತೆರಿಗೆ ಬೀಳುತ್ತಿತ್ತು. ಅದನ್ನು ತಪ್ಪಿಸಿಕೊಳ್ಳಲು ಕಂಪನಿಗಳು ರಾಜ್ಯಕ್ಕೊಂದು ಸಣ್ಣ ಡಿಪೋ ಇಟ್ಟುಕೊಳ್ಳುತ್ತಿದ್ದವು. ಜಿಎಸ್‌ಟಿ ಬಂದಮೇಲೆ ಆ ಲೆಕ್ಕ ಬದಲಾಯಿತು: ಐದಾರು ಸಣ್ಣವುಗಳ ಬದಲು ಒಂದೇ ದೊಡ್ಡದು, ಅದೂ ಹೆದ್ದಾರಿಗಳು ಕೂಡುವ ಕಡೆ.

ತೊಡಕಿರುವುದು ನಿಮ್ಮ ಕೊನೆಯ ಒಂದು ಕಿಲೋಮೀಟರಿನಲ್ಲಿ. ನಲವತ್ತು ಅಡಿ ಕಂಟೇನರಿನ ಪೆಟ್ಟಿಗೆಯೇ ಹನ್ನೆರಡು ಮೀಟರ್ ಉದ್ದ. ಎಳೆಯುವ ಲಾರಿಯೂ ಸೇರಿದರೆ ಹದಿನೈದು ಮೀಟರ್ ದಾಟುತ್ತದೆ. ಇಪ್ಪತ್ತು ಅಡಿ ಎಂದರೆ ಆರು ಮೀಟರ್. ನೇರ ರಸ್ತೆಯಲ್ಲಿ ಅದು ಹೇಗೋ ಬಂದೀತು, ಆದರೆ ತಿರುವಿನಲ್ಲಿ ಹಿಂದಿನ ಗಾಲಿಗಳು ಒಳಕ್ಕೆ ಸರಿದು ಬೇಲಿಯನ್ನೋ ಚರಂಡಿ ಕಲ್ಲನ್ನೋ ಹತ್ತುತ್ತವೆ. ಎದುರಿಗೆ ಹುಲ್ಲು ತುಂಬಿದ ಟ್ರ್ಯಾಕ್ಟರ್ ಬಂದರೆ ಯಾರು ಹಿಂದೆ ಸರಿಯುತ್ತಾರೆ? ಬಾಡಿಗೆದಾರರ ಕಡೆಯವರು ಮೊದಲು ನೋಡುವುದು ಆ ತಿರುವನ್ನು, ನಿಮ್ಮ ಹೊಲವನ್ನಲ್ಲ. ಹೆದ್ದಾರಿಯ ನಡುವಿನ ತಡೆ ನಿಮ್ಮ ಅಡ್ಡರಸ್ತೆಯ ಎದುರು ತೆರೆದಿದೆಯೇ ಎಂಬುದನ್ನೂ ನೋಡುತ್ತಾರೆ. ತೆರೆದಿಲ್ಲದಿದ್ದರೆ ಪ್ರತಿ ಲಾರಿಯೂ ಮುಂದೆ ಹೋಗಿ ಸುತ್ತಿಕೊಂಡು ಬರಬೇಕು. ಡೀಸೆಲ್ ಲೆಕ್ಕದಲ್ಲಿ ಆ ಸುತ್ತು ನಿಮ್ಮ ಅಗ್ಗದ ಬಾಡಿಗೆಯನ್ನು ನುಂಗುತ್ತದೆ.

ಅಳತೆಯನ್ನೂ ನೋಡಿ. ನಾಲ್ಕು ಎಕರೆ ಎಂದರೆ ಸುಮಾರು 1,74,000 ಚದರ ಅಡಿ. ಲಾರಿ ತಿರುಗಲು, ನಿಲ್ಲಲು, ಅಗ್ನಿಶಾಮಕ ವಾಹನ ಸುತ್ತುವರಿಯಲು ಅರ್ಧ ಹೋದರೆ ಉಳಿಯುವುದು 87,000. ದೊಡ್ಡ ಆನ್‌ಲೈನ್ ವ್ಯಾಪಾರಿಗಳು ಕೇಳುವುದು ಲಕ್ಷಗಳಲ್ಲಿ. ಅಕ್ಕಪಕ್ಕದವರೊಂದಿಗೆ ಸೇರಿ ಜಮೀನನ್ನು ದೀರ್ಘಾವಧಿ ಗುತ್ತಿಗೆಗೆ ಕೊಟ್ಟು, ಕಟ್ಟುವ ಖರ್ಚನ್ನು ಗುತ್ತಿಗೆ ಪಡೆದವರ ಮೇಲೆಯೇ ಬಿಡುವುದು ನನ್ನ ದೃಷ್ಟಿಯಲ್ಲಿ ಜಾಣತನ.

ಅದಕ್ಕೂ ಮುಂಚೆ ಯೋಜನಾ ಪ್ರಾಧಿಕಾರದ ಕಚೇರಿಗೆ ಹೋಗಿ ಮಾಸ್ಟರ್ ಪ್ಲಾನಿನಲ್ಲಿ ನಿಮ್ಮ ಸರ್ವೆ ನಂಬರ್ ಯಾವ ವಲಯದಲ್ಲಿದೆ ಎಂದು ಕೇಳಿ. ಹಸಿರು ವಲಯವಾದರೆ ಭೂಕಂದಾಯ ಕಾಯ್ದೆಯ 95ನೇ ಕಲಮಿನ ಪರಿವರ್ತನೆ, ಅಂದರೆ ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸಲು ಅನುಮತಿ, ಸುಲಭವಲ್ಲ. ಗ್ರಾಮನಕಾಶೆಯಲ್ಲಿ ನಿಮ್ಮ ರಸ್ತೆ ಇದೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಿ. ಬಳಕೆಯಲ್ಲಿರುವ ದಾರಿಯೆಲ್ಲ ದಾಖಲೆಯ ದಾರಿಯಲ್ಲ. ‘ಪರಿವರ್ತನೆ ಆಮೇಲೆ ಮಾಡಿಸೋಣ’ ಎನ್ನುವ ದಲ್ಲಾಳಿಗೆ ಒಂದು ಲೋಟ ಕಾಫಿ ಕೊಟ್ಟು ಕಳುಹಿಸಿ.

ಪ್ರಶ್ನೆ: ಹೊಸಕೋಟೆ ಸುತ್ತ ಇಷ್ಟೊಂದು ಗೋದಾಮುಗಳಾದ ಮೇಲೂ ಬೆಂಗಳೂರಿನೊಳಗೆ ಸರಕು ವಾಹನ ಕಡಿಮೆಯಾಗಿಲ್ಲವೇಕೆ?
– ಕಾಲೇಜು ಉಪನ್ಯಾಸಕಿ, ಹೊಸಕೋಟೆ

ಉತ್ತರ: ಸರಕು ಊರ ಹೊರಗೆ ನಿಂತರೂ ಅದನ್ನು ಕೊಳ್ಳುವವರು ಊರ ಒಳಗೇ ಇದ್ದಾರೆ. ಒಂದು ಟ್ರೇಲರ್ ಹೊಸಕೋಟೆಯಲ್ಲಿ ಇಳಿಸಿದ್ದನ್ನು ಹತ್ತಾರು ಸಣ್ಣ ಗಾಡಿಗಳು ಹೊತ್ತು ಅದೇ ಹಳೆ ಮದ್ರಾಸು ರಸ್ತೆಯಲ್ಲಿ ಒಳಗೆ ಬರುತ್ತವೆ, ಸಂಜೆ ಖಾಲಿಯಾಗಿ ಮರಳುತ್ತವೆ. ಭೂಮಿಯ ಬೆಲೆ ಗೋದಾಮನ್ನು ದೂರ ತಳ್ಳಿದಷ್ಟೂ ಈ ಓಡಾಟ ಉದ್ದವಾಗುತ್ತದೆ. ಒಂದೇ ಅಂತಸ್ತಿನಲ್ಲಿ ಎಕರೆಗಟ್ಟಲೆ ಹರಡಿಕೊಳ್ಳುವ ಕಟ್ಟಡಕ್ಕೆ ನಗರದೊಳಗಿನ ದರ ಕೊಟ್ಟು ಪೂರೈಸುವುದಿಲ್ಲ. ಹೀಗಾಗಿ ಈಗ ಬಡಾವಣೆಗಳೊಳಗೇ ಸಣ್ಣ ವಿತರಣಾ ಮಳಿಗೆಗಳು ಬರುತ್ತಿವೆ. ಅವು ಗಾಡಿಗಳ ದೂರವನ್ನು ಕಡಿಮೆ ಮಾಡುತ್ತವೆ, ಸರಿ. ಆದರೆ ಮನೆಯೋ ಅಂಗಡಿಯೋ ಆಗಿದ್ದ ಕಟ್ಟಡದಲ್ಲಿ ಸರಕು ಇಳಿಸಲು ಜಾಗ ಬಿಟ್ಟಿರುವುದಿಲ್ಲ. ಟೆಂಪೊಗಳು ರಸ್ತೆಯಲ್ಲೇ ನಿಲ್ಲುತ್ತವೆ, ಬೈಕುಗಳು ಪಾದಚಾರಿ ಮಾರ್ಗದ ಮೇಲೆ. ಪರವಾನಗಿ ಕೊಡುವಾಗಲೇ ಇಳಿಸುವ ಜಾಗ ಎಲ್ಲಿ ಎಂದು ಪಾಲಿಕೆ ಕೇಳಬೇಕು.