ರಾಜಮನೆತನಕ್ಕೆ ಸೊಸೆಯಾಗಿ ಹೋದರೆ ಹೆಸರಿಗೆ ‘ರಾಣಿ’ ಸೇರಿಸಿಕೊಳ್ಳಬೇಕಾ?

ಹುಡುಗನದು ಹಳೇ ಸಂಸ್ಥಾನದ ಮನೆ, ಲಗ್ನಪತ್ರಿಕೆಯಲ್ಲಿ ‘ಯುವರಾಣಿ’ ಅಂತ ಹಾಕಿಸುತ್ತಿದ್ದಾರೆ, ಮದುವೆಯಾದ ಮೇಲೆ ನನಗೆ ಯಾವ ಬಿರುದು ಸಿಗುತ್ತದೆ, ಆಧಾರ್‌ನಲ್ಲೂ ಹಾಗೇ ಮಾಡಿಸಲಾ ಅಂತ ಕೇಳಿದ್ದೀರಿ. ಓದಿ ಎದೆ ಝಲ್ಲೆಂದಿತು. ಹನ್ನೊಂದು ವರ್ಷದ ಹಿಂದೆ ಇದೇ ಪ್ರಶ್ನೆ ನನ್ನ ತಲೆಯಲ್ಲೂ ಇತ್ತು. ನಾನು ಯಾರನ್ನೂ ಕೇಳಲಿಲ್ಲ. ಮಾಡಿಸಿಯೇ ಬಿಟ್ಟೆ.

ನನ್ನ ತವರು ಮೇಷ್ಟ್ರ ಮನೆ. ಸೇರಿದ್ದು ಮೈಸೂರು ಕಡೆಯ ಒಂದು ಸಣ್ಣ ಅರಸು ಮನೆತನಕ್ಕೆ. ಊರವರು ‘ಅರಮನೆ’ ಎನ್ನುವ ಆ ಮನೆ ಮಳೆಗಾಲದಲ್ಲಿ ಮೂರು ಕಡೆ ಸೋರುತ್ತದೆ. ಆದರೂ ಮದುವೆಯಾದ ಹೊಸತರಲ್ಲಿ, ನಮ್ಮಪ್ಪನ ವಯಸ್ಸಿನವರು ಬಾಗಿಲಲ್ಲಿ ನಿಂತು ‘ಅಮ್ಮಣ್ಣಿಯೋರೇ’ ಅಂತ ಕೈ ಮುಗಿದಾಗ ನನಗೆ ಮುಜುಗರವಾಯಿತು. ಸುಳ್ಳು ಯಾಕೆ, ಖುಷಿಯೂ ಆಯಿತು.

ಒಂದು ಮಧ್ಯಾಹ್ನ ಚಿಕ್ಕತ್ತೆ ಹಳೇ ಕಥೆ ತೆಗೆದರು. 1900ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಗುಜರಾತಿನ ಕಾಠಿಯಾವಾಡದಿಂದ ಹೆಣ್ಣು ತಂದರು. ಅಷ್ಟು ದೂರದ ಹುಡುಗಿ ಇಲ್ಲಿಗೆ ಬಂದು ಪ್ರತಾಪಕುಮಾರಿ ಅಮ್ಮಣ್ಣಿಯಾದರು. ‘ಲಕ್ಷ್ಮೀವಿಲಾಸ ಸನ್ನಿಧಾನ’ ಎಂಬ ಬಿರುದೂ ಬಂತು. ಅವರ ಅತ್ತೆ ಕೆಂಪನಂಜಮ್ಮಣ್ಣಿಯವರು ‘ವಾಣಿವಿಲಾಸ ಸನ್ನಿಧಾನ’. ‘ಅರಸರ ಮನೆ ಸೇರಿದ ಮೇಲೆ ಹೆಸರು ಬದಲಾಗಲೇಬೇಕು ಕಣಮ್ಮ’ ಅಂದರು ಚಿಕ್ಕತ್ತೆ. ನನಗೆ ಅಷ್ಟು ಸಾಕಾಯಿತು.

ಈಗ ನನ್ನ ತಪ್ಪನ್ನು ಬಿಡಿಸಿ ಹೇಳುತ್ತೇನೆ, ಉದ್ದವಾದರೂ ಓದಿ. ನೋಟರಿ ಹತ್ತಿರ ಹೋಗಿ ಅಫಿಡವಿಟ್ ಮಾಡಿಸಿದೆ. ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟೆ. ಗೆಜೆಟ್‌ನಲ್ಲಿ ಹಾಕಿಸಿದೆ. ನನ್ನ ಹೆಸರಿನ ಮುಂದೆ ‘ರಾಣಿ’, ಹಿಂದೆ ಮನೆತನದ ಹೆಸರು. ಅಪ್ಪನ ಇನಿಷಿಯಲ್ ಹೋಯಿತು. ಯಾರೂ ತಡೆಯಲಿಲ್ಲ, ಯಾಕೆಂದರೆ ರಾಣಿ ಅನ್ನೋದು ಸಾವಿರಾರು ಹೆಂಗಸರ ಮಾಮೂಲಿ ಹೆಸರು! ಅದು ಬಿರುದು ಅಂತ ಆ ಗುಮಾಸ್ತರಿಗೆ ಹೊಳೆಯಲೇ ಇಲ್ಲ. ಆಧಾರ್, ಪ್ಯಾನ್, ಬ್ಯಾಂಕ್ ಖಾತೆ ಎಲ್ಲವೂ ಬದಲಾದವು. ಬದಲಾಗದೆ ಉಳಿದದ್ದು ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಡಿಗ್ರಿ ಸರ್ಟಿಫಿಕೇಟು, ಮತ್ತೆ ಮದುವೆಗೆ ಮೊದಲು ದುಡಿದ ಕಂಪನಿಯ ಪಿಎಫ್ ಖಾತೆ. ಪಿಎಫ್ ನೆನಪಿಗೇ ಬರಲಿಲ್ಲ.

ನಾಲ್ಕು ವರ್ಷದ ನಂತರ ಅಪ್ಪನ ಮೊಣಕಾಲಿನ ಆಪರೇಷನ್‌ಗೆ ಅಂತ ಪಿಎಫ್ ಹಣಕ್ಕೆ ಅರ್ಜಿ ಹಾಕಿದೆ. ವಾಪಸ್ ಬಂತು. ಖಾತೆಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. ತಿದ್ದುಪಡಿ ಅರ್ಜಿಗೆ ಹಳೇ ಕಂಪನಿಯ ಸಹಿ ಬೇಕು ಅಂದರು. ಕಂಪನಿ ಅಷ್ಟರಲ್ಲಿ ಬಾಗಿಲು ಹಾಕಿತ್ತು. ಗೆಜೆಟ್ ಪ್ರತಿ ಹುಡುಕಿ, ಅಧಿಕಾರಿಗಳ ಸಹಿ ಹಿಡಿದು ಓಡಾಡುವುದರಲ್ಲಿ ಹದಿನಾಲ್ಕು ತಿಂಗಳು ಹೋಯಿತು. ಆಪರೇಷನ್ ಅಷ್ಟು ದಿನ ಕಾಯುತ್ತದಾ? ತವರಿನಲ್ಲಿ ಕೊಟ್ಟ ಬಳೆ ಅಡ ಇಟ್ಟೆ. ಆ ಅಡವಿನ ರಸೀದಿಯ ಮೇಲೂ ‘ರಾಣಿ’ ಅಂತಲೇ ಇತ್ತು. ಅದನ್ನು ಇವತ್ತಿಗೂ ಬೀರುವಿನಲ್ಲಿ ಇಟ್ಟುಕೊಂಡಿದ್ದೇನೆ.

ಈ ಓಡಾಟದ ಮಧ್ಯೆ ಒಂದು ದಿನ ಅತ್ತೆಯವರ ವೋಟರ್ ಐಡಿ ಕೈಗೆ ಸಿಕ್ಕಿತು. ಬರೀ ಹೆಸರು, ಕೆಳಗೆ ಮಾವನವರ ಹೆಸರು. ರಾಣಿಯೂ ಇಲ್ಲ, ಗೀಣಿಯೂ ಇಲ್ಲ. ‘ನೀವ್ಯಾಕೆ ಹಾಕಿಸಲಿಲ್ಲ ಅತ್ತೆ?’ ಅಂದೆ. ‘ಕರೆಯೋರು ಕರೀತಾರೆ. ಸರ್ಕಾರಕ್ಕೆ ಯಾಕೆ ಹೇಳ್ಬೇಕು?’ ಅಂದರು. ನನಗೆ ಹಾಕಿಸು ಅಂತ ಅವರು ಯಾವತ್ತೂ ಹೇಳಿರಲಿಲ್ಲ. ಆತುರ ನನ್ನದು.

ಆದ್ದರಿಂದ ‘ನನಗೆ ಯಾವ ಬಿರುದು ಸಿಗುತ್ತದೆ’ ಅನ್ನೋ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅನಿಸುತ್ತದೆ. ಕೊಡುವವರೇ ಇಲ್ಲವಲ್ಲ! ಕಾಠಿಯಾವಾಡದ ಹುಡುಗಿ ಸನ್ನಿಧಾನವಾದದ್ದು ಸಿಂಹಾಸನದ ಮೇಲೆ ಒಬ್ಬ ದೊರೆ ಇದ್ದ ಕಾಲದಲ್ಲಿ. ಸರ್ಕಾರ ಬಿರುದು ಕೊಡುವಂತಿಲ್ಲ ಅಂತ ಸಂವಿಧಾನದ 18ನೇ ವಿಧಿ ಹೇಳುತ್ತದೆ. ರಾಜರಿಗಿದ್ದ ಮಾನ್ಯತೆ, ಸರ್ಕಾರ ಅವರಿಗೆ ವರ್ಷವರ್ಷ ಕೊಡುತ್ತಿದ್ದ ರಾಜಧನ ಎರಡೂ 1971ರ 26ನೇ ತಿದ್ದುಪಡಿಯಲ್ಲಿ ಹೋದವು. ಮೈಸೂರಿಗೆ ವರ್ಷಕ್ಕೆ 26 ಲಕ್ಷ ರೂಪಾಯಿ ಬರುತ್ತಿತ್ತಂತೆ, ಅದೂ ನಿಂತಿತು. ಅಷ್ಟೇ ಯಾಕೆ, ಪದ್ಮಶ್ರೀ ಬಂದವರೂ ಅದನ್ನು ಹೆಸರಿಗೆ ಅಂಟಿಸಿಕೊಳ್ಳಬಾರದು ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಇನ್ನು ನಾವ್ಯಾರು? ಮೈಸೂರು ಒಡೆಯರ್ ಮನೆತನದ ಯದುವೀರ್ ಅವರಿಗೆ 2015ರಲ್ಲಿ ಮೈಸೂರು ಅರಮನೆಯಲ್ಲಿ ಪಟ್ಟಾಭಿಷೇಕವಾಯಿತು. ಜನ ಮಹಾರಾಜರು ಅಂತಲೇ ಕರೆಯುತ್ತಾರೆ. ಆದರೆ 2024ರಲ್ಲಿ ಗೆದ್ದು ಲೋಕಸಭೆಗೆ ಹೋದದ್ದು ಒಡೆಯರ್ ಅನ್ನೋ ಮನೆತನದ ಹೆಸರಲ್ಲಿ, ಮಹಾರಾಜ ಅಂತಲ್ಲ.

ನೀವು ಕೇಳಬೇಕಾದದ್ದು ಬೇರೆ. ನವರಾತ್ರಿಯಲ್ಲಿ ನನ್ನ ಕೆಲಸ ಏನು ಅಂತ ಕೇಳಿ. ಹೆಸರಿಗಿಂತ ಜಾಸ್ತಿ ನಿಮ್ಮ ಬದುಕನ್ನು ಹಿಡಿಯುವುದು ಅದು. ನಮ್ಮಲ್ಲಿ ಯಜಮಾನರು ಪಾಡ್ಯದ ದಿನ ಕಂಕಣ ಕಟ್ಟಿಸಿಕೊಂಡರೆ ಬಿಚ್ಚುವವರೆಗೂ ಹೊಸಿಲು ದಾಟುವಂತಿಲ್ಲ. ಹಾಲು ತರುವುದರಿಂದ ಹಿಡಿದು ಕರೆಂಟ್ ಬಿಲ್‌ವರೆಗೆ ಎಲ್ಲ ನನ್ನ ತಲೆ ಮೇಲೆ. ಆಯುಧಪೂಜೆಗೆ ಹಳೇ ಕತ್ತಿಗಳನ್ನು ಒರೆಸಿ ಎಣ್ಣೆ ಹಚ್ಚಬೇಕು, ಕೈಯೆಲ್ಲ ತುಕ್ಕಿನ ವಾಸನೆ. ಮೊದಲ ದಿನ ಗಂಡನ ಪಾದಪೂಜೆಯೂ ಇದೆ. ಎರಡು ವರ್ಷ ಮಾಡಿದೆ. ಮೂರನೇ ವರ್ಷ ಅತ್ತೆಯವರ ಹತ್ತಿರ ‘ನನಗೆ ಇದು ಒಗ್ಗಲ್ಲ’ ಅಂದೆ. ‘ಬೇಡ ಅಂದ್ರೆ ಬಿಡು. ಪುರೋಹಿತರ ಮುಂದೆ ಮಾತ್ರ ಹೇಳ್ಬೇಡ’ ಅಂದರು. ಆ ವರ್ಷದಿಂದ ಆ ಹೊತ್ತಿಗೆ ಸರಿಯಾಗಿ ನನಗೆ ಅಡುಗೆಮನೆಯಲ್ಲಿ ಏನಾದರೂ ಕೆಲಸ ಬರುತ್ತದೆ.

ಲಗ್ನಪತ್ರಿಕೆಯಲ್ಲಿ ‘ಯುವರಾಣಿ’ ಅಂತ ಹಾಕಿಸಿದರೆ ಹಾಕಿಸಲಿ ಬಿಡಿ, ಹಿರಿಯರಿಗೆ ಸಂತೋಷ, ಅಲ್ವಾ? ಮದುವೆ ನೋಂದಣಿಯ ಅರ್ಜಿಯಲ್ಲಿ ಮಾತ್ರ ನಿಮ್ಮ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರನ್ನೇ ಬರೆಯಿರಿ, ಇನಿಷಿಯಲ್ ಸಮೇತ. ನೀವು ಕೆಲಸಕ್ಕೆ ಹೋಗುವವರಾದರೆ ನವರಾತ್ರಿಯ ಹತ್ತು ದಿನದ ರಜೆಯನ್ನು ಈಗಲೇ ಕೇಳಿಡಿ.