ಆಡೋಕೆ ಆಗದವರು ಕೋಚ್ ಆಗ್ತಾರಾ?

ಮೈಸೂರಿನಿಂದ ಪತ್ರ ಬರೆದಿರುವ ತಾಯಿಗೆ ನಮಸ್ಕಾರ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುತ್ತಿಲ್ಲ.

ನಿಮ್ಮ ಮಗಳು ಚಿಕ್ಕಂದಿನಿಂದ ಟೆನಿಸ್ ಆಡಿದವಳು. ವಿಶ್ವವಿದ್ಯಾಲಯದ ತಂಡದಲ್ಲೂ ಇದ್ದಳು. ಈಗ ಡಿಗ್ರಿ ಮುಗಿದಿದೆ, ಕೋಚ್ ಆಗುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಮನೆಯ ಹಿರಿಯರೊಬ್ಬರು ‘ಆಡೋಕೆ ಆಗದವರು ಕೋಚ್ ಆಗ್ತಾರೆ, ಅದೂ ಒಂದು ಕೆಲಸವಾ’ ಅಂದರಂತೆ. ಹೋದ ಸಂಚಿಕೆಯಲ್ಲಿ ಅಮೆರಿಕದ ಕಾಲೇಜು ಟೆನಿಸ್ ಬಗ್ಗೆ ನಾವು ಹಾಕಿದ ಟಿಪ್ಪಣಿಯಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮಹಿಳಾ ತಂಡದ ಕೋಚ್ ಆಗಿದ್ದ ಲೀಲಿ ಫರೂಡ್ ಹೆಸರು ಎರಡೇ ಸಾಲಿನಲ್ಲಿ ಬಂದುಹೋಗಿತ್ತು. ‘ಆ ಹೆಂಗಸು ಅಷ್ಟು ವರ್ಷ ಮಾಡಿದ್ದಾದರೂ ಏನು, ಬಿಡಿಸಿ ಬರೆಯಿರಿ’ ಎಂದು ಕೇಳಿದ್ದೀರಿ. ಎರಡು ಸಾಲಿಗೆ ಮುಗಿಯುವ ಮಾತು ಅದಲ್ಲ. ಅದಕ್ಕೇ ಇಷ್ಟು ಉದ್ದದ ಉತ್ತರ.

ಮೊದಲು ಹಿರಿಯರ ಮಾತಿಗೆ ಬರುತ್ತೇನೆ. ಲೀಲಿ ಆಡಲು ಬಾರದವರಲ್ಲ. 1970ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಲೇ ಆಡಿದವರು. 1978ರಲ್ಲಿ ಆ ಕಾಲೇಜಿನ ಹುಡುಗಿಯರು ಮೊದಲ ಸಲ ಕಾಲೇಜುಗಳ ರಾಷ್ಟ್ರೀಯ ಟೂರ್ನಿಯ ಪ್ರಶಸ್ತಿ ಗೆದ್ದಾಗ ತಂಡದಲ್ಲಿದ್ದರು. ಮುಂದೆ ಕೆಲವು ವರ್ಷ ವೃತ್ತಿಪರ ಟೆನಿಸ್ ಆಡಿದರು. 80ರ ದಶಕದ ಕೊನೆಗೆ ತಮ್ಮ ಕಾಲೇಜಿಗೇ ವಾಪಸ್ ಬಂದರು, ಸಹಾಯಕ ಕೋಚ್ ಆಗಿ.

ಆಗ ಅಲ್ಲಿ ಮುಖ್ಯ ಕೋಚ್ ಫ್ರಾಂಕ್ ಬ್ರೆನನ್. ಬ್ರೆನನ್ ಅವರ ತಂಡಗಳು 1982ರಿಂದ 1999ರ ಒಳಗೆ 10 ಬಾರಿ ರಾಷ್ಟ್ರೀಯ ಪ್ರಶಸ್ತಿ ಗೆದ್ದವು. ಅದರಲ್ಲಿ 1986ರಿಂದ 1991ರವರೆಗೆ ಸತತ ಆರು. ಅಂಥವರ ಪಕ್ಕದಲ್ಲಿ ಲೀಲಿ ಹತ್ತು ವರ್ಷಕ್ಕೂ ಜಾಸ್ತಿ ಎರಡನೆಯವರಾಗಿ ಕೆಲಸ ಮಾಡಿದರು. ಈ ವರ್ಷಗಳ ಬಗ್ಗೆ ಯಾರೂ ಹೆಚ್ಚು ಬರೆಯುವುದಿಲ್ಲ. ನನಗೆ ಮಾತ್ರ ಇಡೀ ವೃತ್ತಿಯಲ್ಲಿ ಮುಖ್ಯವಾದದ್ದು ಇದೇ ಅನ್ನಿಸುತ್ತದೆ. 2000ದಲ್ಲಿ ಹೊಣೆ ಕೈಗೆ ಬಂತು. 2001ರಲ್ಲೇ ಪ್ರಶಸ್ತಿ. ಆಮೇಲೆ 2002, 2004, 2005, 2006, 2010, 2013, 2016, 2018, 2019. ಇವರದ್ದೂ ಲೆಕ್ಕಕ್ಕೆ ಸರಿಯಾಗಿ ಹತ್ತೇ! 2024ರಲ್ಲಿ ನಿವೃತ್ತರಾದರು.

ಇನ್ನು ನಿಮ್ಮ ನಿಜವಾದ ಪ್ರಶ್ನೆ. ಕೋಚ್ ದಿನಾ ಮಾಡುವುದೇನು?

ನಾವು ಟಿವಿಯಲ್ಲಿ ನೋಡುವ ಟೆನಿಸ್‌ನಲ್ಲಿ ಆಟಗಾರ್ತಿ ಒಬ್ಬಳೇ. ಅಮೆರಿಕದ ಕಾಲೇಜು ಟೆನಿಸ್ ಹಾಗಲ್ಲ, ತಂಡದ ಆಟ. ಮೊದಲು ಮೂರು ಡಬಲ್ಸ್ ನಡೆಯುತ್ತವೆ. ಅದರಲ್ಲಿ ಎರಡು ಗೆದ್ದ ತಂಡಕ್ಕೆ ಒಂದು ಅಂಕ. ಆಮೇಲೆ ಆರು ಸಿಂಗಲ್ಸ್, ಒಂದೊಂದಕ್ಕೂ ಒಂದೊಂದು ಅಂಕ. ಒಟ್ಟು ಏಳು. ಮೊದಲು ನಾಲ್ಕು ಮುಟ್ಟಿದವರು ಗೆದ್ದಂತೆ. ಆರೂ ಸಿಂಗಲ್ಸ್ ಅಕ್ಕಪಕ್ಕದ ಆರು ಅಂಕಣಗಳಲ್ಲಿ ಒಟ್ಟಿಗೇ ಶುರುವಾಗುವುದು ವಾಡಿಕೆ. ಒಂದನೇ ಅಂಕಣದಲ್ಲಿ ತಂಡದ ಅತಿ ಗಟ್ಟಿ ಆಟಗಾರ್ತಿ, ಆರನೆಯದರಲ್ಲಿ ಆರನೆಯವಳು. ಈ ಕ್ರಮವನ್ನು ಬೇಕಾದ ಹಾಗೆ ಹಿಂದೆಮುಂದೆ ಮಾಡುವಂತಿಲ್ಲ, ಇದ್ದ ಬಲದಂತೆಯೇ ಇಳಿಸಬೇಕು.

ಆಟದ ನಡುವೆ ಅಂಕಣದಲ್ಲೇ ನಿಂತು ಹುಡುಗಿಯ ಜೊತೆ ಮಾತಾಡಲು ಕೋಚ್‌ಗೆ ಅವಕಾಶವಿದೆ. ಆದರೆ ಅಂಕಣ ಆರು. ಕೋಚ್ ಒಬ್ಬರು, ಜೊತೆಗೆ ಸಹಾಯಕರು ಒಬ್ಬಿಬ್ಬರು. ಎರಡನೇ ಅಂಕಣದ ಹುಡುಗಿ ಮೊದಲ ಸೆಟ್ ಸೋತು ಮುಖ ಸಣ್ಣ ಮಾಡಿಕೊಂಡಿದ್ದಾಳೆ. ಐದನೆಯವಳು 4-2 ಮುಂದಿದ್ದಾಳೆ, ಆದರೆ ಸರ್ವ್ ಮಾಡುವಾಗ ಕೈ ಬಿಗಿಯುತ್ತಿದೆ. ಯಾರ ಹತ್ತಿರ ಹೋಗಬೇಕು? ಹೋದರೆ ಏನು ಹೇಳಬೇಕು? ಬದಿ ಬದಲಿಸುವಾಗ ಸಿಗುವುದು ಒಂದೂವರೆ ನಿಮಿಷ. ನೀರು ಕುಡಿದು, ಬೆವರು ಒರೆಸಿಕೊಳ್ಳುವಷ್ಟರಲ್ಲಿ ಅದರ ಅರ್ಧ ಕಳೆದಿರುತ್ತದೆ. ಉಳಿದದ್ದರಲ್ಲಿ ಒಂದೇ ಮಾತು, ಆ ಹುಡುಗಿಗೆ ಆ ಕ್ಷಣಕ್ಕೆ ಬೇಕಾದ ಮಾತು. ‘ಅವಳ ಬ್ಯಾಕ್‌ಹ್ಯಾಂಡ್‌ಗೆ ಎತ್ತರಕ್ಕೆ ಹೊಡಿ’ ಅನ್ನಬೇಕಾ, ಸುಮ್ನೆ ಪಕ್ಕದಲ್ಲಿ ನಿಂತು ಬರಬೇಕಾ? ಇದು ಗೊತ್ತಾಗಬೇಕಾದರೆ ಆ ಹುಡುಗಿಯನ್ನು ವರ್ಷಗಟ್ಟಲೆ ಬಲ್ಲವರಾಗಿರಬೇಕು.

ಇನ್ನೂ ಒಂದಿದೆ. ಆರನೇ ಅಂಕಣದ ಅಂಕವೂ ಒಂದನೇ ಅಂಕಣದ ಅಂಕದಷ್ಟೇ ಬಾಳುತ್ತದೆ. ಆದರೆ ತಂಡಕ್ಕೆ ಬರುವ ಪ್ರತಿ ಹುಡುಗಿಯೂ ತನ್ನ ಊರಲ್ಲಿ ಮೊದಲನೆಯವಳು. ಅಂಥವಳನ್ನು ಕೂರಿಸಿಕೊಂಡು ‘ನೀನು ಈ ವರ್ಷ ಆರನೆಯವಳು’ ಎಂದು ಹೇಳಬೇಕು. ಕೇಳಿದ ಮೇಲೂ ಅವಳು ಮುನಿಸಿಲ್ಲದೆ ಆಡಬೇಕು. ಸ್ಟ್ಯಾನ್‌ಫರ್ಡ್ 2013ರಲ್ಲಿ ಟೂರ್ನಿಗೆ ಇಳಿದಾಗ 12ನೇ ಶ್ರೇಯಾಂಕ. 2016 ಮತ್ತು 2018ರಲ್ಲಿ 15ನೆಯದು. ಮೂರು ಸಲವೂ ಫೈನಲ್ ಗೆದ್ದದ್ದು 4-3ರಿಂದ. 2013ರಲ್ಲಿ ಕೊನೆಯ ಅಂಕ ತಂದುಕೊಟ್ಟ ಕ್ರಿಸ್ಟಿ ಆನ್ 2019ರಲ್ಲಿ ಅಮೆರಿಕ ಓಪನ್‌ನ ನಾಲ್ಕನೇ ಸುತ್ತು ತಲುಪಿದರು. 4-3 ಅಂದರೆ ಗೆದ್ದ ಹುಡುಗಿಯರಲ್ಲಿ ಒಬ್ಬಳು ಕೈಬಿಟ್ಟಿದ್ದರೂ ಪ್ರಶಸ್ತಿ ಇಲ್ಲ, ಅವಳು ಯಾವ ಅಂಕಣದವಳಾದರೂ ಸರಿ. ‘ಆಡೋಕೆ ಆಗದವರ’ ಕೆಲಸವಾ ಇದು?

ಇದೆಲ್ಲ ಕಟ್ಟುವಷ್ಟರಲ್ಲಿ ನಾಲ್ಕು ವರ್ಷ ಮುಗಿದಿರುತ್ತದೆ. ಹುಡುಗಿ ಪದವಿ ತೆಗೆದುಕೊಂಡು ಹೋಗುತ್ತಾಳೆ. ಮತ್ತೆ ಹೊಸಬರನ್ನು ಹುಡುಕಬೇಕು, ಜೂನಿಯರ್ ಟೂರ್ನಿಗಳಿಗೆ ಅಲೆಯಬೇಕು, ಅಪ್ಪ ಅಮ್ಮಂದಿರ ಜೊತೆ ಮಾತಾಡಬೇಕು. ಪಂದ್ಯಗಳು ನಡೆಯುವ ಋತುವಿನಲ್ಲಿ ಅಭ್ಯಾಸಕ್ಕೆ ವಾರಕ್ಕೆ 20 ಗಂಟೆಯ ಮಿತಿ ಬೇರೆ. ಓದು ಕೆಡಬಾರದಲ್ವಾ, ಅದಕ್ಕೆ.

ಈ ಕೆಲಸ ಅಲ್ಲಿ ತಾನಾಗಿ ಹುಟ್ಟಿದ್ದಲ್ಲ, ಇದನ್ನು ನಿಮ್ಮ ಮಗಳು ತಿಳಿದಿರಬೇಕು. 1972ರಲ್ಲಿ ಅಮೆರಿಕ ಒಂದು ಕಾನೂನು ಮಾಡಿತು, ಅದನ್ನು ಟೈಟಲ್ ನೈನ್ ಎಂದು ಕರೆಯುತ್ತಾರೆ. ಸರ್ಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆ ಹೆಣ್ಣು ಗಂಡು ಎಂದು ಭೇದ ಮಾಡಬಾರದು ಎಂಬುದು ಅದರ ತಿರುಳು. ಅದರಿಂದ ಹುಡುಗಿಯರ ಆಟಕ್ಕೆ ಹಣ ಬಂತು. ಮೊನ್ನೆಮೊನ್ನೆಯವರೆಗೂ ಮೇಲ್ದರ್ಜೆಯ ಕಾಲೇಜುಗಳಲ್ಲಿ ಪುರುಷರ ಟೆನಿಸ್ ತಂಡಕ್ಕೆ ನಾಲ್ಕೂವರೆ ಪೂರ್ಣ ವಿದ್ಯಾರ್ಥಿವೇತನವಾದರೆ ಮಹಿಳೆಯರ ತಂಡಕ್ಕೆ ಎಂಟು.

ನನಗೆ ನೋವಾಗುವ ಸಂಗತಿಯೂ ಇಲ್ಲೇ ಇದೆ. ಆ ಕಾನೂನು ಬರುವಾಗ ಅಲ್ಲಿನ ಮಹಿಳಾ ತಂಡಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ತಂಡಗಳಿಗೆ ಹೆಂಗಸರೇ ಕೋಚ್. 2014ರ ಹೊತ್ತಿಗೆ ಅದು 43ರ ಆಸುಪಾಸಿಗೆ ಇಳಿಯಿತು. ಸಂಬಳವಿಲ್ಲದಾಗ, ಇದ್ದರೂ ಕೈಗೆ ಹತ್ತದಷ್ಟಿದ್ದಾಗ, ಹೆಂಗಸರು ಮಾಡಿದರು. ಸಂಬಳ ಬಂದ ಮೇಲೆ ಗಂಡಸರು ಬಂದರು. ಬ್ರೆನನ್ ಅವರಂಥ ಒಳ್ಳೆಯ ಕೋಚ್‌ಗಳೂ ಹಾಗೆ ಬಂದವರೇ, ಅವರ ಬಗ್ಗೆ ನನಗೆ ಗೌರವವಿದೆ. ಆದರೂ ಲೆಕ್ಕ ಸರಿಯಿಲ್ಲ. ಹತ್ತು ವರ್ಷಕ್ಕೂ ಮೇಲೆ ಎರಡನೆಯವರಾಗಿದ್ದ ಲೀಲಿಗೆ ಮೊದಲ ಜಾಗವನ್ನು ಆ ವಿಶ್ವವಿದ್ಯಾಲಯ ಕೊಟ್ಟಿತು, ಮತ್ತು 24 ವರ್ಷ ಅವರ ಕೈಯಲ್ಲೇ ಬಿಟ್ಟಿತು. ಅಂಥ ಅವಕಾಶ ಸಿಗದೆ ಸಹಾಯಕರಾಗಿಯೇ ಉಳಿದ ಹೆಂಗಸರ ಹೆಸರು ಯಾವ ಪಟ್ಟಿಯಲ್ಲೂ ಬರುವುದಿಲ್ಲ.

ನಮ್ಮಲ್ಲಿ? ಕಾಲೇಜಿನಲ್ಲಿ ಟೆನಿಸ್‌ಗೇ ಅಂತ ಕೋಚ್ ಇರುವುದು ಅಪರೂಪ. ಕಬಡ್ಡಿಯಿಂದ ಓಟದವರೆಗೆ ಎಲ್ಲವನ್ನೂ ದೈಹಿಕ ಶಿಕ್ಷಣ ನಿರ್ದೇಶಕರೊಬ್ಬರೇ ನೋಡಿಕೊಳ್ಳುತ್ತಾರೆ. ಅಂತರ ವಿಶ್ವವಿದ್ಯಾಲಯ ಟೂರ್ನಿ ಹತ್ತಿರ ಬಂದಾಗ ತಂಡ ಆರಿಸುತ್ತಾರೆ, ಒಂದಿಷ್ಟು ದಿನ ಶಿಬಿರ ನಡೆಯುತ್ತದೆ, ಅಷ್ಟೇ. ಆದ್ದರಿಂದ ಲೀಲಿ ಮಾಡಿದ ಕೆಲಸವೇ ನಿಮ್ಮ ಮಗಳಿಗೂ ಇಲ್ಲಿ ಸಿಗುತ್ತದೆ ಎಂದು ಹೇಳಿ ಆಸೆ ಹುಟ್ಟಿಸಲಾರೆ. ಖಾಸಗಿ ಅಕಾಡೆಮಿಗಳಿವೆ, ಕ್ಲಬ್ಬುಗಳಿವೆ, ಶಾಲೆಗಳಿವೆ. ಅಲ್ಲಿಂದಲೇ ಶುರುಮಾಡಬೇಕು.

ಕೆಲವು ವಿಷಯ ಅವಳಿಗೆ ತಲುಪಿಸಿ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್‌ಐಎಸ್) ಕೋಚಿಂಗ್ ಡಿಪ್ಲೊಮಾಗೆ ಸರ್ಕಾರಿ ನೇಮಕಾತಿಯಲ್ಲಿ ಬೆಲೆಯಿದೆ. ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟದ ಕೋಚ್ ಕೋರ್ಸುಗಳು ಹಂತ ಹಂತವಾಗಿ ಇವೆ. ಬೆಂಗಳೂರಿನ ಕಬ್ಬನ್ ಪಾರ್ಕ್‌ನಲ್ಲಿರುವ ರಾಜ್ಯ ಟೆನಿಸ್ ಸಂಸ್ಥೆಯಲ್ಲಿ ವಿಚಾರಿಸಿದರೆ ವಿವರ ಗೊತ್ತಾಗುತ್ತದೆ. ಯಾರ ಕೈಕೆಳಗೆ ಕೆಲಸ ಕಲಿಯಬೇಕು ಎಂಬುದನ್ನು ಮಾತ್ರ ಅವಸರ ಮಾಡದೆ ಆರಿಸಿಕೊಳ್ಳಲಿ. ಸಂಬಳ ಸ್ವಲ್ಪ ಕಡಿಮೆಯಾದರೂ ಅಡ್ಡಿಯಿಲ್ಲ, ಮಕ್ಕಳ ಜೊತೆ ಚೆನ್ನಾಗಿ ಮಾತಾಡುವ ಕೋಚ್ ಹತ್ತಿರ ಸೇರಲಿ. ಇಷ್ಟರಲ್ಲೇ ತನ್ನ ಹಳೇ ಕಾಲೇಜಿನ ನಿರ್ದೇಶಕರನ್ನು ಒಮ್ಮೆ ಕಂಡು, ಈ ಸಲದ ಹುಡುಗಿಯರ ತಂಡವನ್ನು ಶಿಬಿರಕ್ಕೆ ಮೊದಲೇ ಸಂಜೆ ಹೊತ್ತು ತಾನು ಆಡಿಸಲೇ ಎಂದು ಕೇಳಲಿ. ಬೇಡ ಅನ್ನುವವರು ಕಡಿಮೆ. ಏನಾಯಿತು ಎಂದು ನಮಗೂ ಬರೆಯಿರಿ, ಈ ಪುಟದಲ್ಲೇ ಹಾಕುತ್ತೇವೆ.

— ಸಂಪಾದಕ